ಫಾರ್ಮ್ಯಾಟ್ ಹೊಡೀಬೇಕು ಸರ್..

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಬರೆಯೋಕೆ ವಿಷಯ ಇರಲಿಲ್ಲ ಅಂತೇನಲ್ಲ, ಶುದ್ಧ ಸೋಮಾರಿತನ. ಈಗ ಬರೀತಿರೋದು ಸಿಟ್ಟಿನಿಂದ. ಸಿಟ್ಟಿನಲ್ಲಿ ಅರ್ಧ ಕಂಪ್ಯೂಟರ್ ರಿಪೇರಿ ಅಂಗಡಿಗಳ ಮೇಲೆ, ಉಳಿದರ್ಧ ನನ್ನ ಮೇಲೆ. ಯಾವ ಅರ್ಧ ದೊಡ್ಡದು ಅಂತ ಓದಿ ನೀವೇ ಹೇಳಿ.

ನಮ್ಮ ದೊಡ್ಡಪ್ಪನಿಗೆ ಈಗ 76 ವರ್ಷ. ಸಾಗರದ ಹತ್ತಿರದ ಹಳ್ಳಿ. ಮೇಷ್ಟ್ರಾಗಿ ರಿಟೈರ್ ಆದವರು, ಆದ್ರೆ ಸುತ್ತಲ ಹತ್ತು ಹಳ್ಳಿಯಲ್ಲಿ ಅವರ ಗುರುತು ತಾಳಮದ್ದಳೆ ಅರ್ಥಧಾರಿ ಅಂತ. ತಾಳಮದ್ದಳೆ ನೋಡದವರಿಗೆ ಒಂದು ಮಾತು: ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಆ ಪಾತ್ರವಾಗಿ ಮಾತಾಡ್ತಾರೆ. ಆ ಮಾತು ಮೊದಲೇ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟಿ ಬೆಳಗಾಗೋದ್ರೊಳಗೆ ಅಲ್ಲೇ ಮುಗಿದು ಹೋಗುತ್ತೆ. ದೊಡ್ಡಪ್ಪ ರಿಟೈರ್ ಆದಮೇಲೆ ಅದನ್ನ ಬರೆದಿಡೋಕೆ ಶುರು ಮಾಡಿದ್ರು. ವಾಲಿವಧೆಯಲ್ಲಿ ವಾಲಿಯಾಗಿ ತಾವು ರಾಮನಿಗೆ ಏನು ಕೇಳಿದ್ದು, ಯಾವ ಊರಿನ ಕೂಟದಲ್ಲಿ ಎದುರಿನ ರಾಮ ಏನು ಉತ್ತರ ಕೊಟ್ಟದ್ದು, ತಾವು ಎಲ್ಲಿ ಮಾತು ಸೋತದ್ದು.. ಎಲ್ಲ. ನುಡಿ ತಂತ್ರಾಂಶದಲ್ಲಿ, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ. ವರ್ಷಗಟ್ಟಲೆ.

ಅವರ ಹತ್ತಿರ ಇರೋದು 2012ರ ಲ್ಯಾಪ್‌ಟಾಪ್. ಬಂದಾಗ ವಿಂಡೋಸ್ 7, ಆಮೇಲೆ ಬಿಟ್ಟಿಯಾಗಿ ಸಿಕ್ಕಿದ ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಆ ಹತ್ತಕ್ಕೂ ಮೈಕ್ರೋಸಾಫ್ಟ್ ಉಚಿತ ಬೆಂಬಲ ನಿಲ್ಲಿಸಿತಲ್ಲ, ಹನ್ನೊಂದು ಹಾಕೋಣ ಅಂದ್ರೆ ಅದಕ್ಕೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದ್ರೆ ಎಂಟನೇ ತಲೆಮಾರಿನದ್ದೋ ಆಮೇಲಿನದ್ದೋ ಪ್ರೊಸೆಸರ್ ಬೇಕು. ಇದರಲ್ಲಿ ಎರಡೂ ಇಲ್ಲ. ಹಾಗಾಗಿ ಆ ದೀಪಾವಳಿಗೆ ಊರಿಗೆ ಹೋದಾಗ ನಾನೇ ಲಿನಕ್ಸ್ ಮಿಂಟ್ ಹಾಕಿಕೊಟ್ಟೆ. ನುಡಿ ವಿಂಡೋಸಿನಲ್ಲೇ ಓಡಬೇಕಲ್ಲ, ಅದಕ್ಕೆ ಎರಡೂ ಪಕ್ಕಪಕ್ಕ ಇಟ್ಟೆ. ಶುರು ಮಾಡುವಾಗ ಒಂದು ಪಟ್ಟಿ ಬರುತ್ತೆ, ಇಂಟರ್‌ನೆಟ್ ಬೇಕಾದ್ರೆ ಮಿಂಟ್, ಬರೆಯೋದಾದ್ರೆ ವಿಂಡೋಸ್ ಅಂತ ಹೇಳಿಕೊಟ್ಟೆ. ಚೆನ್ನಾಗೇ ನಡೀತಿತ್ತು. ನಾನು ಅಲ್ಲಿಗೇ ಬಿಡಬೇಕಿತ್ತು.

ಮೊನ್ನೆ ಹೋದಾಗ "ತಮ್ಮಾ, ಇದರಲ್ಲಿ ಜಾಗ ಇಲ್ಲ ಇಲ್ಲ ಅಂತ ಬರ್ತದಲ್ಲ, ಏನು ನೋಡು" ಅಂದ್ರು. ನೋಡಿದ್ರೆ ಸಿ ಡ್ರೈವ್ ತುಂಬಿ ಕೆಂಪಾಗಿದೆ. ಡಿ ಡ್ರೈವಿನಲ್ಲಿ ಬರೀ ಹಳೇ ಯಕ್ಷಗಾನದ ವಿಡಿಯೋಗಳು. ವಿಡಿಯೋಗಳನ್ನ ನನ್ನ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡು, ಡಿ ತೆಗೆದು, ಆ ಜಾಗ ಸಿಗೆ ಸೇರಿಸಿಬಿಟ್ರೆ ಆಯ್ತು ಅಂತ ಲೆಕ್ಕ ಹಾಕಿದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದೆ, ಡಿ ಮೇಲೆ ಬಲಗ್ಲಿಕ್ಕು, ಡಿಲೀಟ್. ಸಿ ಮೇಲೆ ಬಲಗ್ಲಿಕ್ಕು, ಎಕ್ಸ್‌ಟೆಂಡ್.. ಅದು ಮಂಕಾಗಿ ಕೂತಿದೆ, ಒತ್ತೋಕೇ ಬರಲ್ಲ! ಹಳೇ ನಮೂನೆಯ ಡಿಸ್ಕಿನಲ್ಲಿ ಡಿ ಇರೋದು ಎಕ್ಸ್‌ಟೆಂಡೆಡ್ ಅನ್ನೋ ಇನ್ನೊಂದು ಡಬ್ಬಿಯೊಳಗೆ. ಆ ಡಬ್ಬಿಯೊಳಗೆ ಖಾಲಿಯಾದ ಜಾಗ ಹೊರಗಿರೋ ಸಿಗೆ ಹಾಗೆ ಸಿಗೋದಿಲ್ಲ. ಇದು ಅಳಿಸೋಕೆ ಮುಂಚೆ ಗೊತ್ತಿರಬೇಕಾದ ವಿಷಯ. ನನಗೆ ಗೊತ್ತಾಗಿದ್ದು ಆಮೇಲೆ. ರೀಸ್ಟಾರ್ಟ್ ಮಾಡಿದ್ರೆ ಸರಿಯಾಗಬಹುದು ಅಂತ ರೀಸ್ಟಾರ್ಟ್ ಕೊಟ್ಟೆ.

ಕಪ್ಪು ಪರದೆ. "ಅಂಥ ಪಾರ್ಟಿಷನ್ ಇಲ್ಲ" ಅಂತ ಒಂದು ಸಾಲು ಇಂಗ್ಲಿಷು. ಅದರ ಕೆಳಗೆ ಗ್ರಬ್ ರೆಸ್ಕ್ಯೂ ಅಂತ ಬರೆದು ಮಿಣಮಿಣ ಅನ್ನೋ ಕರ್ಸರ್. ವಿಂಡೋಸೂ ಇಲ್ಲ, ಮಿಂಟೂ ಇಲ್ಲ.

"ಏನಾಯ್ತು?"

"ಏನಿಲ್ಲ ದೊಡ್ಡಪ್ಪ, ಒಂದ್ನಿಮಿಷ.."

ಈ 'ಏನಿಲ್ಲ ಒಂದ್ನಿಮಿಷ' ಅನ್ನೋದನ್ನ ನೀವೂ ಯಾರಿಗಾದ್ರೂ ಹೇಳಿರ್ತೀರಿ. ಕಂಪ್ಯೂಟರ್ ಮುಂದೆ ಕೂತವರು ಹೇಳೋ ಅತಿ ದೊಡ್ಡ ಸುಳ್ಳು ಅದು. ಒಂದು ನಿಮಿಷ ಹೋಗಿ ರಾತ್ರಿ ಹನ್ನೊಂದಾಯ್ತು. ಹತ್ತು ಸಲ ಆಫ್ ಮಾಡಿ ಆನ್ ಮಾಡಿದೆ. ಮಲಗೋ ಮುಂಚೆ ದೊಡ್ಡಪ್ಪ ಮೆಲ್ಲಗೆ ಕೇಳಿದ್ರು, "ನಾನು ಬರೆದದ್ದು ಉಂಟಲ್ಲ ಅದರಲ್ಲಿ?" ಅಂತ. ಬೇರೆ ಎಲ್ಲೂ ಪ್ರತಿ ಇಲ್ಲ ಅನ್ನೋದು ನನಗೆ ಹೊಳೆದದ್ದು ಆಗಲೇ. ಯಕ್ಷಗಾನದ ವಿಡಿಯೋ ಕಾಪಿ ಮಾಡ್ಕೊಳ್ಳೋಕೆ ಬುದ್ಧಿ ಇದ್ದ ನನಗೆ, ಡೆಸ್ಕ್‌ಟಾಪ್ ಮೇಲೇ ಇದ್ದ ಆ ಒಂದು ಫೋಲ್ಡರ್ ಕಾಪಿ ಮಾಡೋಕೆ ಬುದ್ಧಿ ಇರಲಿಲ್ಲ. ವಿಡಿಯೋಗಳಾದ್ರೋ ಬಹುಪಾಲು ಯೂಟ್ಯೂಬಿನಲ್ಲೇ ಬಿದ್ದಿವೆ!

ಮರುದಿನ ಬೆಳಗ್ಗೆ ಪೇಟೆಗೆ ಹೋದ್ವಿ, ರಿಪೇರಿ ಅಂಗಡಿಗೆ. ಹುಡುಗ ಆನ್ ಮಾಡಿದ, ಹತ್ತು ಸೆಕೆಂಡ್ ನೋಡಿದ. "ಗ್ರಬ್ ಎರರ್ ಸರ್. ಫಾರ್ಮ್ಯಾಟ್ ಹೊಡೀಬೇಕು. ಐನೂರು. ಸಂಜೆ ಬನ್ನಿ."

"ಒಳಗಿರೋ ಫೈಲುಗಳು?"

"ಹೋಗ್ತವೆ. ಬೇಕಾದ್ರೆ ರಿಕವರಿ ಟ್ರೈ ಮಾಡ್ಬಹುದು. ಅದಕ್ಕೆ ಬೇರೆ ಚಾರ್ಜು, ಗ್ಯಾರಂಟಿ ಇಲ್ಲ."

ನಾನು ಏನೋ ಹೇಳೋದ್ರೊಳಗೆ ದೊಡ್ಡಪ್ಪ ಕೈ ಮುಂದೆ ಮಾಡಿ "ಬೇಡ, ವಾಪಸ್ ಕೊಡಿ" ಅಂದ್ರು. ಅಷ್ಟು ಗಟ್ಟಿಯಾಗಿ ಅವರು ಮಾತಾಡೋದು ಕೂಟದಲ್ಲಿ ಮಾತ್ರ. ವಾಪಸ್ ಬರುವಾಗ ಬಸ್ಸಿನಲ್ಲಿ ಹೇಳಿದ್ರು: 2014ರಲ್ಲೂ ಒಂದು ಸಲ ಹೀಗೇ ಆಗಿತ್ತಂತೆ. ಆಗ ಬೇರೊಂದು ಅಂಗಡಿ. ಅವರು ಕೇಳಲೂ ಇಲ್ಲ, ಸಂಜೆ ಹೋದ್ರೆ ಲ್ಯಾಪ್‌ಟಾಪ್ ಹೊಸದರ ಹಾಗೆ ಇತ್ತು, ಒಳಗೆ ಏನೂ ಇರಲಿಲ್ಲ. ಎರಡು ವರ್ಷ ಬರೆದದ್ದು ಹೋಯ್ತು. "ನೆನಪಿದ್ದಷ್ಟು ಮತ್ತೆ ಬರೆದೆ. ಆದ್ರೆ ಎರಡನೇ ಸಲ ಬರೆದದ್ದು ಬೇರೆಯೇ ಆಗ್ತದೆ ತಮ್ಮಾ" ಅಂದ್ರು. ಮನೆಯಲ್ಲಿ ಇದನ್ನ ಯಾರಿಗೂ ಹೇಳಿರಲಿಲ್ಲ. ದಡ್ಡತನ ನನ್ನದೇ ಅಂದ್ಕೊಂಡು ಸುಮ್ಮನಿದ್ರಂತೆ.

ನನಗೆ ಸಿಟ್ಟು ಬಂದಿದ್ದು ಇಲ್ಲಿ. ಯಾಕಂದ್ರೆ ಕಂಪ್ಯೂಟರ್ ಏಳದೆ ಇರೋದು ಬೇರೆ, ಅದರೊಳಗಿರೋದು ನಾಶವಾಗೋದು ಬೇರೆ. ಇವೆರಡೂ ಒಂದೇ ಅಂತ ನಮ್ಮ ಜನರನ್ನ ನಂಬಿಸಿಬಿಟ್ಟಿದೀವಿ.

ಸ್ವಲ್ಪ ತಾಂತ್ರಿಕ ಮಾತು, ಸಹಿಸಿಕೊಳ್ಳಿ. ಇಂಥ ಹಳೇ ಕಂಪ್ಯೂಟರು ಆನ್ ಮಾಡಿದಾಗ ಮೊದಲು ಏಳೋದು ಬಯಾಸ್. ಅದು ಕೈಕಾಲು ಸರಿ ಇದೆಯಾ ನೋಡಿಕೊಂಡು ಡಿಸ್ಕಿನ ಮೊಟ್ಟಮೊದಲ 512 ಬೈಟ್ ಓದುತ್ತೆ. ಅದರಲ್ಲಿ 446 ಬೈಟ್ 'ಮುಂದೇನು ಮಾಡಬೇಕು' ಅನ್ನೋ ಸೂಚನೆ, 64 ಬೈಟ್ ಡಿಸ್ಕು ಹೇಗೆ ಭಾಗವಾಗಿದೆ ಅನ್ನೋ ಪಟ್ಟಿ, ಕೊನೇ 2 ಬೈಟ್ ಗುರುತಿನ ಮುದ್ರೆ. ನಾವು ಬರೆಯೋ ಯುನಿಕೋಡ್ ಕನ್ನಡದಲ್ಲಿ ಒಂದೊಂದು ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಅಂದ್ರೆ 446 ಬೈಟಿನಲ್ಲಿ 148 ಚಿಹ್ನೆ ಹಿಡಿಸುತ್ತೆ, ನೆಟ್ಟಗೆ ಒಂದು ಮದುವೆ ಕಾಗದದ ಒಕ್ಕಣೆಯೂ ಹಿಡಿಸಲ್ಲ. ಅಷ್ಟು ಸಣ್ಣ ಜಾಗದಲ್ಲಿ ಎಲ್ಲ ಹೇಳೋಕಾಗಲ್ಲ ಅಂತ ಅದು ಪಕ್ಕದಲ್ಲೇ ಇರೋ ಗ್ರಬ್‌ನ ಇನ್ನೊಂದು ತುಂಡನ್ನ ಎಬ್ಬಿಸುತ್ತೆ. ಆ ತುಂಡಿನಲ್ಲಿ ಒಂದು ವಿಳಾಸ ಬರೆದಿರುತ್ತೆ: 'ನಿನ್ನ ಉಳಿದ ಸಾಮಾನೆಲ್ಲ ಇಂಥ ನಂಬರಿನ ಪಾರ್ಟಿಷನ್ನಿನಲ್ಲಿದೆ' ಅಂತ.

ದೊಡ್ಡಪ್ಪನ ಲ್ಯಾಪ್‌ಟಾಪಿನಲ್ಲಿ ಡಿ ಡ್ರೈವ್ ಐದನೇ ನಂಬರು, ಮಿಂಟ್ ಆರನೇ ನಂಬರು. ಎಕ್ಸ್‌ಟೆಂಡೆಡ್ ಡಬ್ಬಿಯೊಳಗಿನ ಪಾರ್ಟಿಷನ್ನುಗಳಿಗೆ ಸಾಲಾಗಿ ನಂಬರು ಕೊಡ್ತಾರೆ. ನಾನು ಐದನ್ನ ಅಳಿಸಿದೆ, ಆರು ಐದಾಯ್ತು. ಗ್ರಬ್ ಮಾತ್ರ ಪಾಪ, ಹಳೇ ಪೋಸ್ಟ್‌ಮ್ಯಾನ್ ಥರ ಆರನೇ ನಂಬರಿನ ಮನೆ ಹುಡುಕ್ತಾ ನಿಂತಿದೆ. ಆಗಿದ್ದು ಇಷ್ಟೇ! ಮನೆ ಬಿದ್ದಿರಲಿಲ್ಲ, ಮನೆಯೊಳಗಿನ ಒಂದು ಚಮಚವೂ ಆಚೀಚೆ ಆಗಿರಲಿಲ್ಲ. ವಿಂಡೋಸ್ ಇರೋ ಸಿ ಅಂತೂ ಆ ಡಬ್ಬಿಯ ಹೊರಗೇ ಇತ್ತು, ಅದಕ್ಕೆ ಸುದ್ದಿಯೇ ಗೊತ್ತಿಲ್ಲ. ಇದಕ್ಕೆ ಫಾರ್ಮ್ಯಾಟ್ ಮಾಡೋದು ಅಂದ್ರೆ, ಮನೆ ನಂಬರು ತಪ್ಪಾಗಿದೆ ಅಂತ ಮನೆ ಕೆಡವಿ ಹೊಸದಾಗಿ ಕಟ್ಟಿಕೊಟ್ಟ ಹಾಗೆ. ಐನೂರು ರೂಪಾಯಿಗೆ.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು ಅಂದ್ಕೋಬೇಡಿ. ದೊಡ್ಡಪ್ಪನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗೋದು ಅಂಗಳದ ಮೂಲೆಯಲ್ಲಿ, ಅದೂ ಮಳೆ ಇಲ್ಲದಾಗ. ಛತ್ರಿ ಹಿಡಿದು ಅಲ್ಲಿ ನಿಂತು ಓದೋದು, ಕ್ಯಾಲೆಂಡರ್ ಹಾಳೆಯ ಹಿಂದೆ ಬರ್ಕೊಳ್ಳೋದು, ಒಳಗೆ ಬಂದು ಟೈಪ್ ಮಾಡೋದು, ತಪ್ಪಾದ್ರೆ ಮತ್ತೆ ಛತ್ರಿ. ಗ್ರಬ್ ರೆಸ್ಕ್ಯೂ ಅನ್ನೋದು ಸತ್ತುಹೋಗಿರೋ ಪರದೆ ಅಲ್ಲ, ಅದು ನಮ್ಮನ್ನ ಪ್ರಶ್ನೆ ಕೇಳ್ತಾ ಕೂತಿರೋ ಪರದೆ ಅಂತ ಆಗ ಗೊತ್ತಾಯ್ತು. 'ಎಲ್‌ಎಸ್' ಅಂತ ಎರಡಕ್ಷರ ಹೊಡೆದ್ರೆ ತನಗೆ ಕಾಣ್ತಿರೋ ಪಾರ್ಟಿಷನ್ನುಗಳನ್ನ ತೋರಿಸುತ್ತೆ. ತೋರಿಸ್ತು: ಒಂದು, ಎರಡು, ಐದು. ಐದರ ಒಳಗೆ ಏನಿದೆ ಅಂತ ಕೇಳಿದೆ, ಬೂಟ್, ಹೋಮ್ ಅಂತ ಮಿಂಟಿನ ಫೋಲ್ಡರುಗಳ ಹೆಸರು ಒಂದೊಂದಾಗಿ ಬಂತು. ಆ ಹೆಸರುಗಳನ್ನ ನೋಡಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. 'ರೂಟ್ ಇದು, ಪ್ರಿಫಿಕ್ಸ್ ಇದು' ಅಂತ ಐದನೇ ನಂಬರನ್ನ ಎರಡು ಸಾಲಿನಲ್ಲಿ ಹೇಳಿ, ನಾರ್ಮಲ್ ಅನ್ನೋ ಮಾಡ್ಯೂಲ್ ಕರೆದು, ಕೊನೆಗೆ ನಾರ್ಮಲ್ ಅಂತ ಹೊಡೆದೆ. ಹಳೇ ಪಟ್ಟಿ ಬಂದು ನಿಂತಿತು, ಏನೂ ಆಗೇ ಇಲ್ಲ ಅನ್ನೋ ಹಾಗೆ.

ಆದ್ರೆ ಈ ಸಲ ನಾನು ಮೊದಲು ರಿಪೇರಿಗೆ ಕೈ ಹಾಕಲಿಲ್ಲ. ಮಿಂಟ್ ತೆಗೆದು, ಅದರ ಮೂಲಕ ಸಿ ಡ್ರೈವಿನೊಳಗೆ ಹೋಗಿ, ದೊಡ್ಡಪ್ಪನ ಫೋಲ್ಡರನ್ನ ಹಾರ್ಡ್ ಡಿಸ್ಕಿಗೆ ಎಳೆದುಕೊಂಡೆ. ಸರಿಯಾಗಿದೆಯಾ ನೋಡೋಣ ಅಂತ ಒಂದು ಫೈಲ್ ತೆಗೆದ್ರೆ ಎದೆ ಧಸಕ್ಕಂತು. ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಮಧ್ಯೆ ಮಧ್ಯೆ ಚಿತ್ರವಿಚಿತ್ರ ಚಿಹ್ನೆಗಳು! ದೊಡ್ಡಪ್ಪ ಹಿಂದೆ ನಿಂತು ನೋಡ್ತಿದ್ರು. ಒಂದು ಗಳಿಗೆ ಬೇಕಾಯ್ತು ನೆನಪಾಗೋಕೆ. ಅದು ಹಾಳಾಗಿದ್ದಲ್ಲ, ಅದು ನುಡಿಯ ಹಳೇ ಫಾಂಟಿನಲ್ಲಿ ಬರೆದದ್ದು. ಯುನಿಕೋಡಿಗೆ ಮುಂಚಿನ ಕಾಲದಲ್ಲಿ ನುಡಿ ಇರಲಿ, ಬರಹ ಇರಲಿ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನ ಕೂರಿಸಿ ಕೆಲಸ ನಡೆಸಿದ್ವು. ಫಾಂಟ್ ಇದ್ರೆ ಕನ್ನಡ, ಇಲ್ಲದಿದ್ರೆ ಕಸ. ವಿಂಡೋಸಿನ ಫಾಂಟ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನ ಎತ್ತಿಕೊಂಡು ಮಿಂಟಿಗೆ ಹಾಕಿದೆ. ವಾಲಿ ಮಾತಾಡಿದ. (ಇದನ್ನ ಓದ್ತಿರೋ ನಿಮ್ಮಲ್ಲಿ ಎಷ್ಟು ಜನರ ಹಳೇ ಕಥೆ ಕವಿತೆಗಳು ಇನ್ನೂ ಹೀಗೇ ಬಿದ್ದಿವೆ ಅಂತ ನನಗೆ ಗೊತ್ತು, ಮುಖ ತಿರುಗಿಸಬೇಡಿ.)

ಅದಾದ ಮೇಲೆ ಗ್ರಬ್ ಅನ್ನ ಮತ್ತೆ ಡಿಸ್ಕಿಗೆ ಬರೆಸಿ ಪಟ್ಟಿ ಹೊಸದು ಮಾಡಿದೆ. ಎರಡು ಆಜ್ಞೆ, ಎರಡು ನಿಮಿಷ. ಎಲ್ಲ ಲೆಕ್ಕ ಹಾಕಿದ್ರೆ ರಿಪೇರಿಗೆ ಹಿಡಿದದ್ದು ಅರ್ಧ ಗಂಟೆ, ಛತ್ರಿ ಹಿಡಿದದ್ದು ಮೂರು ಗಂಟೆ.

ಈಗ ಆ ಅಂಗಡಿ ಹುಡುಗನ ಮೇಲೆ ಹರಿಹಾಯೋದು ಸುಲಭ. ಎರಡು ದಿನ ನಾನೂ ಅದನ್ನೇ ಮಾಡಿದೆ. ಆಮೇಲೆ ಯೋಚನೆ ಮಾಡಿದ್ರೆ, ಅವನ ಮೇಜಿನ ಮೇಲೆ ಅವತ್ತು ಇನ್ನೂ ಏಳೆಂಟು ಲ್ಯಾಪ್‌ಟಾಪ್ ಇದ್ವು. ಫಾರ್ಮ್ಯಾಟ್‌ಗೆ ರೇಟ್ ಇದೆ, ಯಾವ ರೋಗಕ್ಕೂ ಅದು ನಡೆಯುತ್ತೆ, ಸಂಜೆಗೆ ಕೆಲಸ ಮುಗಿಯುತ್ತೆ. ಅದೇ ಅವನು ಒಂದು ಗಂಟೆ ಕೂತು ಏನಾಗಿದೆ ಅಂತ ಹುಡುಕಿ, ನಾಲ್ಕು ಸಾಲು ಟೈಪ್ ಮಾಡಿ ಸರಿ ಮಾಡಿ, ಮುನ್ನೂರು ರೂಪಾಯಿ ಕೇಳಿದ್ರೆ? 'ನಾಲ್ಕು ಸಾಲಿಗೆ ಮುನ್ನೂರಾ?' ಅಂತ ಗಲಾಟೆ ಮಾಡೋರು ನಾವೇ. ಪೂರ್ತಿ ಅಳಿಸಿ ಹಾಕೋಕೆ ಐನೂರು ಕೊಡ್ತೀವಿ, ಯೋಚನೆ ಮಾಡಿದ್ದಕ್ಕೆ ಕೊಡೋಕೆ ನಮಗೆ ಮನಸ್ಸಿಲ್ಲ. ಹಾಗಿದ್ರೂ ಒಂದು ಪ್ರಶ್ನೆಗೆ ಏನೂ ಖರ್ಚಿಲ್ಲ ನೋಡಿ. "ಒಳಗೆ ಬೇಕಾದ್ದು ಏನಾದ್ರೂ ಇದೆಯಾ?" 2014ರಲ್ಲಿ ಯಾರಾದ್ರೂ ಅದೊಂದು ಕೇಳಿದ್ದಿದ್ರೆ ದೊಡ್ಡಪ್ಪನ ಎರಡು ವರ್ಷ ಉಳೀತಿತ್ತು. ಇದನ್ನ ಮಾತ್ರ ನಾನು ಮಾಫಿ ಮಾಡಲ್ಲ.

ಮತ್ತೆ ಅಂಗಡಿಯವರಿಗಿಂತ ಅಪಾಯಕಾರಿ ಜಾತಿ ಒಂದಿದೆ. ನಮ್ಮಂಥ ಮನೆ ಪಂಡಿತರು. ಹಬ್ಬಕ್ಕೆ ಊರಿಗೆ ಹೋಗಿ, ಯಾರೂ ಕೇಳದಿದ್ರೂ ಹಿರಿಯರ ಲ್ಯಾಪ್‌ಟಾಪ್ ತೆಗೆದು 'ಸ್ಲೋ ಇದೆಯಲ್ಲ, ಇರಿ ಸರಿ ಮಾಡ್ತೀನಿ' ಅನ್ನೋರು. ಅಂಗಡಿಯವನು ಕೆಟ್ಟದ್ದನ್ನ ಫಾರ್ಮ್ಯಾಟ್ ಮಾಡ್ತಾನೆ, ನಾವು ಚೆನ್ನಾಗಿರೋದನ್ನ ಕೆಡಿಸ್ತೀವಿ. ನಾನೂ ಆ ಪ್ರಶ್ನೆ ಕೇಳಿರಲಿಲ್ಲ ಅನ್ನೋದು ನೆನಪಿರಲಿ.

ಇನ್ನೊಂದು ವಿಷಯ, ಸ್ವಲ್ಪ ಹೆದರಿಸೋದು. ಇಲ್ಲೀವರೆಗೆ 'ಏಳದಿದ್ರೆ ಪರವಾಗಿಲ್ಲ, ಒಳಗಿದ್ದದ್ದು ಇರುತ್ತೆ, ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಸಿಗುತ್ತೆ' ಅಂತ ಧೈರ್ಯ ಹೇಳಬಹುದಿತ್ತು. ಹೊಸ ಲ್ಯಾಪ್‌ಟಾಪುಗಳಿಗೆ ಈ ಮಾತು ಹೇಳೋ ಹಾಗಿಲ್ಲ. ವಿಂಡೋಸ್ 11 ಇರೋ ಬಹಳಷ್ಟು ಯಂತ್ರಗಳಲ್ಲಿ, ಅದರಲ್ಲೂ 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದೀಚೆಗೆ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿಸ್ಕು ತಾನಾಗೇ ಗೂಢಲಿಪಿಗೆ ಹೋಗುತ್ತೆ. ಕಳ್ಳರಿಂದ ಕಾಪಾಡೋಕೆ, ಒಳ್ಳೇದೇ. ಆದ್ರೆ ನೀವು ಬೂಟ್ ವ್ಯವಸ್ಥೆಯಲ್ಲಿ ಕೈಯಾಡಿಸಿದ್ರೆ, ಸೆಕ್ಯೂರ್ ಬೂಟ್ ಆಫ್ ಮಾಡಿದ್ರೆ, ಅದಕ್ಕೆ ಅನುಮಾನ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತೆ. ಆ ಕೀ ಇರೋದು ಆ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ತೆರೆದುಕೊಟ್ಟದ್ದು ಅಂಗಡಿಯವನು, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಆಗ ಡಿಸ್ಕ್ ಬಿಚ್ಚಿದ್ರೂ ಅಷ್ಟೇ, ಕಟ್ಟಿದ್ರೂ ಅಷ್ಟೇ.

2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ವಲ್ಲ, ವಿಮಾನಗಳು ನಿಂತುಹೋದ್ವಲ್ಲ. ಅಲ್ಲೂ ಡಿಸ್ಕಿನೊಳಗಿದ್ದದ್ದು ಎಲ್ಲೂ ಹೋಗಿರಲಿಲ್ಲ. ಸೇಫ್ ಮೋಡಿಗೆ ಹೋಗಿ ಒಂದು ಫೈಲ್ ಅಳಿಸಿದ್ರೆ ಯಂತ್ರ ಏಳ್ತಿತ್ತು. ಆದ್ರೆ ಗೂಢಲಿಪಿ ಹಾಕಿದ ಕಡೆಯೆಲ್ಲ ಮೊದಲು ಆ 48 ಅಂಕಿ ಬೇಕಿತ್ತು, ಒಂದೊಂದು ಯಂತ್ರಕ್ಕೂ ಒಂದೊಂದು. ದೊಡ್ಡ ದೊಡ್ಡ ಕಂಪನಿಗಳ ಐಟಿ ಇಲಾಖೆಗಳೇ ಅದನ್ನ ಹುಡುಕ್ತಾ ಒದ್ದಾಡಿದ ಮೇಲೆ ನಮ್ಮ ದೊಡ್ಡಪ್ಪಂದಿರ ಕಥೆ ಏನು? ನಿಮ್ಮ ಮನೆಯಲ್ಲಿ ಹೊಸ ಲ್ಯಾಪ್‌ಟಾಪ್ ಇದ್ರೆ ಇವತ್ತೇ ಆ ಕೀ ಹುಡುಕಿ, ಕಾಗದದ ಮೇಲೆ ಬರೆದು, ಪಹಣಿ ಪತ್ರ ಇಡೋ ಜಾಗದಲ್ಲಿ ಇಡಿ. ಅದೇ ಲ್ಯಾಪ್‌ಟಾಪಿನೊಳಗೆ ಸೇವ್ ಮಾಡಿ ಇಡಬೇಡಿ ಮಾರಾಯ್ರೇ!

ಈಗ ದೊಡ್ಡಪ್ಪನ ಫೋಲ್ಡರ್ ನಾಲ್ಕು ಕಡೆ ಇದೆ: ಅವರ ಲ್ಯಾಪ್‌ಟಾಪು, ಒಂದು ಪೆನ್ ಡ್ರೈವು, ನನ್ನ ಹಾರ್ಡ್ ಡಿಸ್ಕು, ಗೂಗಲ್ ಡ್ರೈವು. ಪೆನ್ ಡ್ರೈವನ್ನ ಅವರು ತಾಳದ ಜೊತೆ ಒಂದು ಬಟ್ಟೆಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟಿದ್ದಾರೆ. "ಇದು ಎಷ್ಟು ವರ್ಷ ಬಾಳ್ತದೆ?" ಅಂತ ಕೇಳಿದ್ರು. ಮೂಲೆಗೆ ಹಾಕಿ ಮರೆತ್ರೆ ನಂಬೋಕಾಗಲ್ಲ ದೊಡ್ಡಪ್ಪ ಅಂದೆ. "ಹಾಗಾದ್ರೆ ಪ್ರಿಂಟ್ ತೆಗಿ. ನಮ್ಮ ಅಜ್ಜ ಬರೆದಿಟ್ಟ ಪ್ರಸಂಗದ ಪುಸ್ತಕ ಇನ್ನೂ ಅಟ್ಟದ ಮೇಲೆ ಉಂಟು, ಅದಕ್ಕೆ ಯಾವ ಗ್ರಬ್ಬೂ ಬೇಡ" ಅಂದ್ರು. ಏನು ಹೇಳ್ತೀರಿ ಇದಕ್ಕೆ?

ಪ್ರಿಂಟಿಗೆ ಮುಂಚೆ ಎಲ್ಲವನ್ನೂ ಯುನಿಕೋಡಿಗೆ ತರೋ ಕೆಲಸಕ್ಕೆ ಕೂತಿದೀನಿ. ಪರಿವರ್ತಕದಲ್ಲಿ ಹಾಕಿದ್ರೆ ಮುಕ್ಕಾಲು ಪಾಲು ಸರಿಯಾಗಿ ಬರ್ತಿದೆ, ಅರ್ಕಾವತ್ತು ಇರೋ ಕಡೆ ಮಾತ್ರ ಕೈ ಕೊಡ್ತಿದೆ. 'ಕರ್ಣ'ನಿಗೇ ನೆಟ್ಟಗೆ ಕೂರೋಕಾಗ್ತಿಲ್ಲ, ಕರ್ಣಪರ್ವದಲ್ಲಿ ಎಷ್ಟು ಸಲ ಕರ್ಣ ಬರ್ತಾನೆ ಲೆಕ್ಕ ಹಾಕಿ. ಇದಕ್ಕೆ ಒಳ್ಳೇ ಉಪಾಯ ಗೊತ್ತಿರೋರು ಕೆಳಗೆ ಕಮೆಂಟಿನಲ್ಲಿ ಬರೀರಿ. ಫಾರ್ಮ್ಯಾಟ್ ಹೊಡೀರಿ ಅಂತ ಮಾತ್ರ ಹೇಳಬೇಡಿ :-)